ಸೊನ್ನೆಯಾಗಲು ಎಷ್ಟು ಹೊತ್ತು

ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಗಣಿತದ ಕ್ಲಾಸು ಮುಗಿಸಿ ಫಿಸಿಕ್ಸ್ ಲ್ಯಾಬಿಗೆ ಹೋಗಬೇಕೆಂದರೆ ಒಂದು ಉದ್ದನೆಯ ಪಡಸಾಲೆ ದಾಟಬೇಕಿತ್ತು. ಈಚೆ ಕಡೆ ಗಣಿತದ ಸರ್ ಬೋರ್ಡಿನ ಮೇಲೆ ಇಳಿಯುವ ಗೆರೆಯೊಂದನ್ನು ಎಳೆದು, "ಇದು ಸೊನ್ನೆಯ ಹತ್ರ ಹತ್ರ ಹೋಗತದ, ಆದರ ಎಂದೂ ಮುಟ್ಟೂದಿಲ್ಲ" ಎನ್ನುತ್ತಿದ್ದರು. ಆಚೆ ಕಡೆ ಫಿಸಿಕ್ಸ್ ಮೇಡಂ ಅದೇ ಗೆರೆಯನ್ನು ನಮ್ಮ ಗ್ರಾಫ್ ಹಾಳೆಯ ಮೇಲೆ ನೋಡಿ, "ಇಲ್ಲಿಂದ ಮುಂದ ಸೊನ್ನೆ ಅಂತ ಹಿಡೀರಿ, ಸಾಕು" ಎನ್ನುತ್ತಿದ್ದರು. ಬಿ.ಎಸ್ಸಿಗೆ ಎರಡೂ ವಿಷಯ ಕೂಡಿಯೇ ತೆಗೆದುಕೊಂಡಿದ್ದ ನಾವು ಈಚೆ ಬಂದಾಗ ಮುಟ್ಟುವುದಿಲ್ಲ ಎಂದೂ ಆಚೆ ಹೋದಾಗ ಮುಟ್ಟಿತು ಎಂದೂ ಬರೆದು, ಎರಡೂ ಕಡೆ ಮಾರ್ಕ್ಸ್ ತೆಗೆದುಕೊಳ್ಳುತ್ತಿದ್ದೆವು. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಚಚಡಿ ಊರಿನ ಗೆಳತಿಯೊಬ್ಬಳು ನನ್ನ ಬೆಂಚಿನಲ್ಲೇ ಕೂಡುತ್ತಿದ್ದಳು. ಲೆಕ್ಕದಲ್ಲಿ ನನಗಿಂತ ಚುರುಕು, ಬಾಯಲ್ಲಂತೂ ಇನ್ನೂ ಚುರುಕು. ಒಂದು ಭಾನುವಾರ ಓದುವ ನೆಪದಲ್ಲಿ ಅವಳ ಮನೆಗೆ ಹೋದೆ. ನಾನು ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ, ಹೊಲಕ್ಕೇ ಹೋದೆ. ಉಳ್ಳಾಗಡ್ಡಿ ಸಸಿ ಹಚ್ಚಿ ಇನ್ನೂ ವಾರವಾಗಿರಲಿಲ್ಲ. ಬಾವಿಯ ಮೋಟರ್ ಬರೀ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಅವಳ ಅಪ್ಪ ಯರಗಟ್ಟಿಯಿಂದ ಮೋಟರಿಗೆ ಮೊದಲ ನೂಕು ಕೊಡುವ ಕಂಡೆನ್ಸರ್ ಹೊಸದು ತಂದು ಇಟ್ಟಿದ್ದರು. ಮೆಕ್ಯಾನಿಕ್ ಮಾತ್ರ ನಾಳೆ ಬರುತ್ತೇನೆ ಅಂದಿದ್ದನಂತೆ.

"ಇಬ್ಬರು ಬಿ.ಎಸ್ಸಿದವರು ಇದ್ದೀರಿ, ಒಂದು ಡಬ್ಬಿ ತಗದು ಇನ್ನೊಂದು ಡಬ್ಬಿ ಹಾಕಾಕ ಬರೂದಿಲ್ಲೇನು?" ಎಂದು ಅವರು ನಗೆಯಾಡಿದರು.

"ಬರತೈತಪ್ಪಾ, ನೀ ಫ್ಯೂಜ್ ಕಿತ್ತು ಕಿಸೇದಾಗ ಇಟ್ಕೊ, ಸಾಕು" ಎಂದಳು ಗೆಳತಿ.

ಅವರು ಹಾಗೆಯೇ ಮಾಡಿ, ಪೈಪಿನ ಜೋಡಣೆ ನೋಡಲು ಆಚೆಯ ಬದುವಿಗೆ ಹೋದರು. ಹಳೆಯ ಕಂಡೆನ್ಸರ್ ಇದ್ದ ಸ್ಟಾರ್ಟರ್ ಡಬ್ಬಿಯನ್ನು ಬಾವಿಯ ಪಕ್ಕದ ಕಂಬಕ್ಕೆ ಬಿಗಿದಿದ್ದರು. ಬಾವಿಗೆ ಕಟ್ಟೆ ಇರಲಿಲ್ಲ.

ಕರೆಂಟ್ ತೆಗೆದ ಮೇಲೂ ಕಂಡೆನ್ಸರ್ ತನ್ನೊಳಗೆ ಸ್ವಲ್ಪ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ ಎಂಬುದು ನಮಗೆ ಗೊತ್ತಿತ್ತು. ಲ್ಯಾಬಿನಲ್ಲಿ ಅದೇ ಪ್ರಯೋಗ ಮಾಡಿದ್ದೆವಲ್ಲ. ಅದನ್ನು ಮೆಲ್ಲಗೆ ಇಳಿಸಲೆಂದೇ ಅದರ ಎರಡು ತುದಿಗಳ ನಡುವೆ ಒಂದು ಸಣ್ಣ ರೆಸಿಸ್ಟರ್ ಹಾಕಿರುತ್ತಾರೆ. ಅದೂ ಕಾಣಿಸಿತು, ಧೂಳು ಮೆತ್ತಿಕೊಂಡು ಕೂತಿತ್ತು. ಗೆಳತಿ ಅದರ ಬಣ್ಣದ ಪಟ್ಟೆ ಓದಿದಳು, ಕಂಡೆನ್ಸರಿನ ಮೇಲಿನ ಸಂಖ್ಯೆ ಓದಿದಳು, ಮಣ್ಣಿನ ಮೇಲೆ ಕಡ್ಡಿಯಿಂದ ಗುಣಾಕಾರ ಹಾಕಿದಳು. ಬೇರೆ ಯಾರಾದರೂ ಆಗಿದ್ದರೆ ಲೆಕ್ಕ ಹಾಕುತ್ತಿರಲಿಲ್ಲ. ಒಂದೋ ದೂರ ನಿಲ್ಲುತ್ತಿದ್ದರು, ಇಲ್ಲವೇ ಎರಡು ತುದಿಗೂ ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಟ್ ಅನ್ನಿಸಿ ಖಾಲಿ ಮಾಡಿಬಿಡುತ್ತಿದ್ದರು. ನಾವು ಲೆಕ್ಕ ಹಾಕಿದೆವು.

"ಚಾ ಕುಡಿಯೂದ್ರಾಗ ಖಾಲಿ ಆಗತೈತಿ" ಎಂದಳು.

"ಸರ್ ಕೇಳಿದ್ರ ಬೈತಾರ. ಎಂದೂ ಖಾಲಿ ಆಗಂಗಿಲ್ಲ."

"ಹಂಗಾದ್ರ ಇಬ್ಬರ ಮಾತೂ ಉಳಿಯೂ ಹಂಗ ಊಟಾ ಮಾಡೇ ಮುಟ್ಟೂಣು. ಸರ್ ಬಂದು ಸೊನ್ನೆ ಹುಡುಕ್ಲಿ, ಮೇಡಂ ಬಂದು ಮೋಟರ್ ಚಾಲೂ ಮಾಡ್ಲಿ."

ಬೇವಿನ ನೆರಳಲ್ಲಿ ಕೂತು ರೊಟ್ಟಿ, ಪುಂಡಿಪಲ್ಯ ತಿಂದೆವು. ಲೆಕ್ಕ ಹೇಳಿದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಆಗಿತ್ತು. ಇದನ್ನು ಮತ್ತೆ ಮತ್ತೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಾವು ಅವಸರ ಮಾಡಲಿಲ್ಲ.

ಆಮೇಲೆ ನಡೆದದ್ದರ ಕ್ರಮ ಈಗಲೂ ನನಗೆ ಸರಿಯಾಗಿ ಸಿಗುವುದಿಲ್ಲ. ಅವಳು ಎರಡೂ ಕೈ ಡಬ್ಬಿಯೊಳಗೆ ಹಾಕಿದ್ದಳು, ಅದು ನೆನಪಿದೆ. ಅವಳು "ಯವ್ವಾ" ಎಂದದ್ದು ಮೊದಲೋ, ಮೈ ಹಿಂದಕ್ಕೆ ಹಾರಿದ್ದು ಮೊದಲೋ? ಕೆಲವೊಮ್ಮೆ ಅವಳು ಬಿದ್ದದ್ದು ಮೊದಲು ಕಾಣುತ್ತದೆ, ಕೂಗು ಆಮೇಲೆ ಕೇಳುತ್ತದೆ. ಹಿಂದೆ ಬಾವಿ ಇತ್ತು. ಅಂಚಿನ ಮಣ್ಣು ಕುಸಿದು ನೀರಿನಲ್ಲಿ ಬಿದ್ದ ಸದ್ದು ಬಂತು. ಅವಳೇ ಬಿದ್ದಳು ಎಂದು ನಾನು ಕಣ್ಣು ಮುಚ್ಚಿಕೊಂಡೆನೆಂದು ಕಾಣುತ್ತದೆ. ಕಣ್ಣು ಬಿಟ್ಟಾಗ ಅವಳು ಅಂಚಿನ ಈಚೆಗೆ ಕೂತಿದ್ದಳು, ಎರಡೂ ಅಂಗೈ ಮೇಲೆ ಮಾಡಿ, ಅವು ಯಾರದೋ ಕೈಗಳು ಎಂಬಂತೆ ನೋಡುತ್ತಿದ್ದಳು. ನಾನು ಅವಳ ಅಂಗಿಯ ತೋಳು ಹಿಡಿದಿದ್ದೆ. ಯಾವಾಗ ಹಿಡಿದೆ, ಗೊತ್ತಿಲ್ಲ.

"ಇದರಾಗ ಏನೂ ಇರಬಾರದಿತ್ತು" ಎಂದಳು. ಅಳಲಿಲ್ಲ. ಲೆಕ್ಕ ತಪ್ಪಿದಾಗ ಹೇಳುವ ದನಿಯಲ್ಲೇ ಹೇಳಿದಳು.

ಅಷ್ಟರಲ್ಲಿ ಅವಳ ಅಪ್ಪ ಬದುವಿನಿಂದ ಬಂದರು. "ಯಾಕಬೇ, ಕೆಳಗ ಕುಂತಿ?"

"ಏನಿಲ್ಲಪ್ಪಾ, ಕಾಲು ಜಾರಿತು."

"ಆತು ಬಿಡು, ಸರೀರಿ. ನಾನ ಬಿಚ್ಚತೇನಿ."

ಅವರು ಡಬ್ಬಿಯ ಕಡೆ ಹೊರಟರು. ನಾನು ಕೂಗಿದೆ.

"ಮುಟ್ಟಬ್ಯಾಡ್ರಿ ಕಾಕಾ, ಒಳಗ ಕರೆಂಟ್ ಐತ್ರಿ."

ಅವರು ಕಿಸೆಯಿಂದ ಫ್ಯೂಜ್ ತೆಗೆದು ತೋರಿಸಿದರು. "ಕರೆಂಟ್ ಇಲ್ಲಿ ಐತಿ ನೋಡ ತಂಗಿ. ಅಂಜಬ್ಯಾಡ."

"ಆ ಕರೆಂಟ್ ಅಲ್ರಿ. ಚಾರ್ಜ್ ಉಳದೈತ್ರಿ ಅದರಾಗ."

"ಚಾರ್ಜ್ ಉಳಿಯಾಕ ಅದೇನು ಮೊಬೈಲ್ ಏನ?"

ಅವರು ನಗುತ್ತಲೇ ಕೈ ಮುಂದೆ ಮಾಡಿದರು. ಮೂರು ವರ್ಷ ಓದಿದ್ದರಲ್ಲಿ ಆ ಹೊತ್ತಿಗೆ ಬೇಕಾದ ಒಂದು ಮಾತೂ ನನಗೆ ಸಿಗಲಿಲ್ಲ. ಚಾರ್ಜಿಗೆ ಪುಸ್ತಕದಲ್ಲಿರುವ ವಿದ್ಯುದಾವೇಶ ಎಂಬ ಶಬ್ದ ಬಾಯಿಗೆ ಬಂತು, ಅದನ್ನು ನುಂಗಿದೆ. ಓಡಿಹೋಗಿ ಅವರ ಮೊಳಕೈ ಹಿಡಿದು ಹಿಂದಕ್ಕೆ ಜಗ್ಗಿದೆ. ಗೆಳತಿಯ ಅಪ್ಪನ ಕೈ ಹಿಡಿದು ಜಗ್ಗುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಅವರು ತಿರುಗಿ ನನ್ನ ಮುಖ ನೋಡಿದರು.

"ಅಪ್ಪಾ, ನನಗ ಹೊಡೀತು" ಎಂದಳು ಗೆಳತಿ ಕೂತಲ್ಲಿಂದಲೇ.

ಅವರು ಮಗಳ ಕೈ ನೋಡಿದರು. ಆಮೇಲೆ ಕುಸಿದ ಅಂಚು ನೋಡಿದರು.

ನಾನು ಡಬ್ಬಿಗೆ ಬೆನ್ನು ಮಾಡಿ ನಿಲ್ಲಲು ಹೋದಾಗ ರೆಸಿಸ್ಟರ್ ಹತ್ತಿರದಿಂದ ಕಂಡಿತು. ಅದರ ಒಂದು ಕಾಲು ತುಕ್ಕು ಹಿಡಿದು ತುಂಡಾಗಿತ್ತು. ತುಂಡು ತುದಿ ತನ್ನ ಜಾಗದ ಪಕ್ಕದಲ್ಲೇ ಇತ್ತು, ನೋಡಿದರೆ ಮುಟ್ಟಿದಂತೆಯೇ, ಆದರೆ ಮುಟ್ಟಿರಲಿಲ್ಲ. ನಮ್ಮ ಗುಣಾಕಾರ ಸರಿಯಾಗಿತ್ತು. ಆದರೆ ನಾವು ಗುಣಿಸಿದ ವಸ್ತು ಅಲ್ಲಿ ಕೆಲಸದಲ್ಲೇ ಇರಲಿಲ್ಲ. ಚಾರ್ಜಿಗೆ ಹೋಗಲು ದಾರಿ ಸಿಕ್ಕದ್ದು ಅವಳ ಎರಡು ಕೈಗಳ ನಡುವೆ.

ನಂತರ ಒಂದು ದಿನ ಗಣಿತದ ಸರ್‌ಗೆ ಕೇಳಿದೆ. "ಸಮೀಕರಣ ಸರಿ ಐತಿ. ಅಲ್ಲಿ ರೆಸಿಸ್ಟರ್ ಐತೋ ಇಲ್ಲೋ, ಅದು ಫಿಸಿಕ್ಸ್‌ನವರು ನೋಡಬೇಕು" ಎಂದರು. ಫಿಸಿಕ್ಸ್ ಮೇಡಂಗೆ ಕೇಳಿದೆ. ಅವರು ಕೈಯಲ್ಲಿದ್ದ ಚಾಕ್ ಕೆಳಗಿಟ್ಟು, "ನೀವು ರೆಸಿಸ್ಟರ್ ಐತಿ ಅಂತ ಹಿಡಿದಿರಿ" ಎಂದಷ್ಟೇ ಹೇಳಿದರು. ಹಿಡೀರಿ ಎಂದವರು ಅವರೇ ಅಲ್ಲವೇ ಎಂದು ಪಡಸಾಲೆಗೆ ಬಂದ ಮೇಲೆ ಹೊಳೆಯಿತು. ಆದರೆ ಅವರು ಹೇಳಿದ್ದು ಗ್ರಾಫಿನ ಗೆರೆಗೆ. ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬುದನ್ನು ಯಾವ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು, ನಾನು ಆ ದಿನ ತಪ್ಪಿಸಿದ್ದೆನೇ, ಈಗಲೂ ಹುಡುಕುತ್ತೇನೆ.

ಅವತ್ತು ಬಾವಿಯ ಹತ್ತಿರ ಅವಳ ಅಪ್ಪ ಕೊನೆಗೆ ನನ್ನನ್ನೇ ಕೇಳಿದರು.

"ಹೇಳ ತಂಗಿ. ಎಷ್ಟೊತ್ತು ಬಿಟ್ಟು ಮುಟ್ಟಬೇಕು ಇದನ್ನ?"

ನಾನು ಗೆಳತಿಯನ್ನು ನೋಡಿದೆ. ಮಣ್ಣಿನ ಮೇಲೆ ಅವಳು ಬರೆದ ಲೆಕ್ಕ ಅರ್ಧ ಅಳಿಸಿಹೋಗಿತ್ತು. ಅವಳ ಮೈಯೊಳಗಿಂದ ಹಾದು ಎಷ್ಟು ಹೋಗಿತ್ತು, ಎಷ್ಟು ಉಳಿದಿತ್ತು? ಏನೂ ಉಳಿದಿರಲಿಲ್ಲವೋ ಏನೋ. ನಾನು ಒಬ್ಬ ದೊಡ್ಡ ಮನುಷ್ಯನ ಕೈ ಹಿಡಿದು ಜಗ್ಗಿದ್ದು ಬರೀ ಖಾಲಿ ಡಬ್ಬಿಯಿಂದಲೋ ಏನೋ.

"ಗೊತ್ತಿಲ್ರಿ ಕಾಕಾ" ಎಂದೆ.

ಅವರು ಬೈಯಲಿಲ್ಲ, ನಗಲೂ ಇಲ್ಲ. "ಗೊತ್ತಿಲ್ಲಂದ್ರ ಇವತ್ತು ಯಾರೂ ಮುಟ್ಟೂದು ಬ್ಯಾಡ" ಎಂದು ಮಗಳನ್ನು ರಟ್ಟೆ ಹಿಡಿದು ಎಬ್ಬಿಸಿದರು. ಉಳ್ಳಾಗಡ್ಡಿ ಸಸಿ ಬಾಡಿದ್ದವು, ಅವುಗಳ ಕಡೆ ನೋಡದೆ ನಮ್ಮಿಬ್ಬರನ್ನೂ ಮುಂದೆ ಬಿಟ್ಟುಕೊಂಡು ಮನೆಯ ದಾರಿ ಹಿಡಿದರು. ಡಬ್ಬಿಯ ಬಾಗಿಲು ತೆರೆದೇ ಇತ್ತು.