ತಾರಾ ಕಟ್ಟಿಕೊಟ್ಟ ನೀಲಿ ಗಂಟು

ಕೊರೊನಾ ಮುಗಿದ ಮರುವರ್ಷದ ಮಾತು. ತೆಲುಗು ನಾಡಿನ ಮಣಿಕೊಂಡದಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೆ. ಕಾಲೇಜಿಗೆ ಹೋಗುವ ಮೊಮ್ಮಗಳು ತಾರಾ ಒಂದು ಬೆಳಿಗ್ಗೆ ಕಾಫಿ ಹೀರುತ್ತಾ, "ಅಜ್ಜಿ, ನಾನೀಗ ವಿಕ್ಕನ್" ಎಂದಳು.

"ಅಂದ್ರ ವಿಚ್ಚೇನೇ? ಇನ್ನ ಕಸಬರಿಗಿ ಮ್ಯಾಲೆ ಕೂತು ಕಾಲೇಜಿಗೆ ಹೋಗ್ತೀಯೇನು?" ಎಂದೆ.

ಅವಳು ನಗಲಿಲ್ಲ. ಸಮಾಧಾನದಿಂದ ಬಿಡಿಸಿ ಹೇಳಿದಳು. ಪೇಗನ್ ಅನ್ನುವುದು ದೊಡ್ಡ ಮನೆತನವಿದ್ದಂತೆ. ಚಂದ್ರ, ಮರ, ಋತುಗಳನ್ನು ಪೂಜಿಸುವ ಎಷ್ಟೋ ಪಂಥಗಳು ಅದರಲ್ಲಿವೆ. ವಿಕ್ಕಾ ಅದರಲ್ಲೊಂದು, ಈಚಿನದು; ಯಾರಿಗೂ ಕೆಡುಕು ಮಾಡಬಾರದು ಎಂಬುದೇ ಅದರ ನೇಮ. ವಿಚ್‌ಕ್ರಾಫ್ಟ್ ರಿಲಿಜನ್ನೇ ಅಲ್ಲ, ಬರೀ ಒಂದು ವಿದ್ಯೆ. ಯಾವ ಧರ್ಮದವರೂ ಮಾಡಬಹುದು, ದೇವರನ್ನು ನಂಬದವರೂ ಮಾಡಬಹುದು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕೇಳಿದ್ದರೆ ಶಿಲುಬೆ ಮುಟ್ಟಿಕೊಳ್ಳುತ್ತಿದ್ದರು. ನನಗೆ ಮಾತ್ರ ಹುಡುಗಿಯ ತಿಳಿವಳಿಕೆಯ ಬಗ್ಗೆ ಹೆಮ್ಮೆಯೆನಿಸಿತು.

ನಮ್ಮ ಮನೆಗೆಲಸದ ನಾಗಮ್ಮ ಯಾದಗಿರಿ ಕಡೆಯವಳು. ಕಟ್ಟುತ್ತಿದ್ದ ಬಿಲ್ಡಿಂಗೊಂದರ ಪಕ್ಕ, ಕೂಲಿಯವರ ತಗಡಿನ ಶೆಡ್ಡುಗಳಲ್ಲಿ ಮುದಿ ತಾಯಿಯೊಂದಿಗೆ ಇದ್ದಳು. ತಾಯಿಗೆ ಮೊಣಕಾಲು ನೋವೆಂದು ಕೇಳಿ ತಾರಾ ಲವಂಗ, ತುಳಸಿ, ಉಪ್ಪು ಸೇರಿಸಿ ನೀಲಿ ಬಟ್ಟೆಯಲ್ಲಿ ಒಂದು ಗಂಟು ಕಟ್ಟಿಕೊಟ್ಟಳು.

ನಾಗಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡ್ರಿ ಅಮ್ಮಾರ. ಇಂಥಾವು ನಮಗ ಆಗಿಬರಂಗಿಲ್ರಿ."

"ಏ ಹುಚ್ಚಿ, ಇದು ಭಾನಾಮತಿ ಅಲ್ಲ, ಒಂದು ರಿಲಿಜನ್. ಹುಡುಗಿ ಪ್ರೀತಿಲೆ ಮಾಡ್ಯಾಳ, ಒಯ್ಯಿ. ನಿಮ್ಮವ್ವನ ತಲೆದಿಂಬಿನ ಕೆಳಗ ಇಡು."

ಭಾನಾಮತಿ ಎಂದರೆ ನಮ್ಮ ಕಡೆ ಮಾಟ. ಆ ಪದ ಕೇಳಿ ಅವಳ ಮುಖ ಕಪ್ಪಿಟ್ಟಿತು. ಆದರೂ ಒಯ್ದಳು. ಕೆಲಸ ಕೊಟ್ಟವಳು ಹೇಳಿದರೆ ಅವಳು ಹೇಗೆ ಒಲ್ಲೆ ಎನ್ನಬೇಕು? ನನಗೆ ಅದು ಆಗ ಹೊಳೆಯಲಿಲ್ಲ.

ವಾರದ ಮೇಲೆ ಅವಳು ಬರುವುದು ನಿಂತಿತು. ಎರಡು ದಿನ ಕಾದು, ಮೂರನೆಯ ದಿನ ಬೆಳಿಗ್ಗೆ ಆಟೊ ಹಿಡಿದು ನಾನೇ ಹೋದೆ. ನಾಗಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಪಕ್ಕದ ಶೆಡ್ಡಿನ ಕೂಸಿಗೆ ಜ್ವರವಂತೆ. ಅದೇ ಹೊತ್ತಿಗೆ ಹಾಸಿಗೆ ಬಿಸಿಲಿಗೆ ಹಾಕುವಾಗ ಗಂಟು ಎಲ್ಲರೆದುರು ಬಿದ್ದಿದೆ. ಅಲ್ಲಿರುವವರೆಲ್ಲ ಅವಳ ಸೀಮೆಯವರೇ; ಕೂಸಿಗೆ ಭಾನಾಮತಿ ಮಾಡಿದ್ದಾರೆ ಎಂದೇ ತಿಳಿದರು.

"ಸಂಜಿಯೊಳಗ ಜಾಗ ಖಾಲಿ ಮಾಡಂದಾರ್ರಿ."

"ನಾನು ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ ನಾಗಮ್ಮ. ಇದೂ ಭಾನಾಮತೀನೂ ಬ್ಯಾರೆ ಬ್ಯಾರೆ ಅಂತ..."

"ಯಾರಿಗೆ ಹೇಳ್ತೀರಿ?" ಎಂದು ಅವಳು ತಾಯಿಯತ್ತ ತಿರುಗಿದಳು. "ಅವ್ವಾ, ಬಾಯಿ ತೆಗಿ."

ಮುದುಕಿ ಬಾಯಿ ತೆರೆದಳು. ಒಂದು ಹಲ್ಲೂ ಇರಲಿಲ್ಲ.

"ವಯಸ್ಸಿಗೆ ಹೋದವಲ್ರಿ ಇವು. ನಾ ಸಣ್ಣಾಕಿದ್ದಾಗ, ಭಾನಾಮತಿ ಮಾಡ್ತಾಳಂತ ಊರವರು ಕಲ್ಲಿಲೆ ಬಡದು ಉದುರಿಸಿದ್ರು. ಹಲ್ಲಿಲ್ಲಂದ್ರ ಮಂತ್ರ ಅನ್ನಾಕ ಬರಂಗಿಲ್ಲಂತ್ರಿ. ಇಲ್ಲಿ ಯಾರಿಗೂ ಗೊತ್ತಿದ್ದಿಲ್ಲ. ಈಗ ಊರಿಗೆ ಫೋನ್ ಹಚ್ಚಿ ಕೇಳ್ಯಾರ."

"ಸಾರಿ" ಎಂದೆ. ಅಷ್ಟು ಓದಿದ ನನ್ನ ಬಾಯಿಗೆ ಅದೊಂದೇ ಪದ ಸಿಕ್ಕಿತು. ನಮ್ಮ ಮನೆಗೇ ಬಂದುಬಿಡಿ ಎಂದು ಕೈಹಿಡಿದೆ. ಅವಳು ತಲೆಯಾಡಿಸಿದಳು. "ಅಲ್ಲಿಗೂ ಸುದ್ದಿ ಬರ್ತದ್ರಿ. ಪಟಾನ್‌ಚೆರು ಕಡಿ ಹೋಗ್ತೀವಿ."

ಚೀಲ ಹೊತ್ತವಳು ಒಂದು ಗಳಿಗೆ ನಿಂತಳು. "ತಾರಮ್ಮಗ ಬೈಬ್ಯಾಡ್ರಿ ಮತ್ತ. ಆದ್ರ ಮನ್ಯಾಗ ಅಂದಂಗ, ನಾ ವಿಚ್ ಅದೀನಿ ಅಂತ ಹೊರಗ ಎಲ್ಲೂ ಅನಬ್ಯಾಡಂತ ಹೇಳ್ರಿ. ಪಾಪ, ಹೆಣ್ಮಗಳು."

ತಾರಾಗೆ ಹೇಳಿದೆ. "ಅದು ಬ್ಲೆಸಿಂಗ್ ಅಜ್ಜಿ, ಬ್ಲೆಸಿಂಗ್" ಎಂದು ಬಿಕ್ಕಿದಳು. ನಿಜ, ಮಗುವಿನ ಮನಸ್ಸಿನಲ್ಲಿ ಅದು ಬ್ಲೆಸಿಂಗೇ. ಬೇಡವೆಂದವಳ ಕೈಗೆ ಅದನ್ನು ತುರುಕಿದವಳು ನಾನು.

ನಾಗಮ್ಮನ ನಂಬರಿಗೆ ಈಗಲೂ ಆಗಾಗ ಫೋನ್ ಮಾಡುತ್ತೇನೆ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ತೆಲುಗಿನಲ್ಲಿ ಒಂದು ಹೆಣ್ಣಿನ ದನಿ ಹೇಳುತ್ತದೆ. ನಾನು ಪೂರ್ತಿ ಕೇಳಿಸಿಕೊಂಡೇ ಇಡುತ್ತೇನೆ.