ಸಿಸ್ಟರ್ ಹಚ್ಚಿಸಿದ ತಂತಿ

ಸಿಸ್ಟರ್ ಅವರ ತೋಳುಗಳು ಗಂಡಸರ ತೋಳಿನಂತೆ ಗಟ್ಟಿಯಾಗಿದ್ದವು. ನರ್ಸಿಂಗ್ ಕಲಿಯುವ ಮೊದಲು ಶಹಾಬಾದಿನ ಗಣಿಯಲ್ಲಿ ಅಪ್ಪನ ಜೊತೆ ನೆಲಕ್ಕೆ ಹಾಸುವ ಫರಸಿಕಲ್ಲು ಹೊತ್ತ ತೋಳುಗಳವು. ಚಿಂಚೋಳಿಯ ನಮ್ಮ ಚಿಕ್ಕ ಆಸ್ಪತ್ರೆಗೆ ಯಾರಾದರೂ ಕುಡಿದು ಬಂದು ಕೂಗಾಡಿದರೆ, ರಟ್ಟೆ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬರುತ್ತಿದ್ದರು. ನಾನು ಅಲ್ಲಿ ಕಂಪ್ಯೂಟರ್ ಆಪರೇಟರ್. ರಕ್ತ ಕಂಡರೆ ಮುಖ ತಿರುಗಿಸುತ್ತಿದ್ದ ನನಗೆ, "ಹೆದರಿಕಿ ಇರ್ಲಿ ತಮ್ಮಾ, ಕೈ ಮಾತ್ರ ನಡುಗಬಾರ್ದು" ಎನ್ನುತ್ತಿದ್ದರು.

ಆಗ ನಮ್ಮಲ್ಲಿ ಮೊಬೈಲಿನಿಂದ ಒಂದು ಫೋಟೋ ಕಳಿಸುವುದೂ ಕಷ್ಟ. ಅದಕ್ಕೇ ಆಸ್ಪತ್ರೆಗೆಂದೇ ಇಂಟರ್ನೆಟ್ಟಿನ ಪ್ರತ್ಯೇಕ ತಂತಿ, ಲೀಸ್ಡ್ ಲೈನ್, ಹಾಕಿಸಿದ್ದರು. ಎದೆನೋವಿನವರ ಇಸಿಜಿ ಅದರಲ್ಲಿ ಕಲಬುರಗಿಯ ಹೃದಯತಜ್ಞರಿಗೆ ಹೋಗುತ್ತಿತ್ತು. ತಂತಿ ಗೋಡೆಯ ಡಬ್ಬಿಯಿಂದ ರೂಟರಿಗೆ, ಅಲ್ಲಿಂದ ನನ್ನ ಕಂಪ್ಯೂಟರಿಗೆ. ರೂಟರ್ ಬಿಟ್ಟು ನೇರವಾಗಿ ಜೋಡಿಸಬೇಡಿ, ಹೊರಗಿನವರು ಇಂಟರ್ನೆಟ್ಟಿನಿಂದ ಕಂಪ್ಯೂಟರಿನೊಳಗೆ ನುಗ್ಗಿ ಕೆಡಿಸುತ್ತಾರೆ ಎಂದು ಲೈನ್ ಹಾಕಿದವರು ಎಚ್ಚರಿಸಿದ್ದರು.

ಒಂದು ಮಧ್ಯಾಹ್ನ ಟ್ರ್ಯಾಕ್ಟರಿನಡಿ ಸಿಕ್ಕ ಹುಡುಗನನ್ನು ತಂದರು. ತರುವಾಗಲೇ ಜೀವ ಹೋಗಿತ್ತು. ಡಾಕ್ಟರು ಅದನ್ನು ಹೇಳಿದ್ದೇ ತಡ, ಹುಡುಗನ ಅಣ್ಣ ಡಾಕ್ಟರ ಕಪಾಳಕ್ಕೆ ಬಾರಿಸಿದ. ಜೊತೆಗೆ ಬಂದವರು ಅವರನ್ನು ನೆಲಕ್ಕೆ ಕೆಡವಿ ಒದೆಯತೊಡಗಿದರು. ಕಿಟಕಿಗಳ ಗಾಜು ಒಡೆದವು. ಯಾರೋ ಬೀಸಿದ ಕಬ್ಬಿಣದ ಸ್ಟೂಲು ನನ್ನ ಕೋಣೆಯೊಳಗೆ ಬಂದು ಬಡಿದು ರೂಟರ್ ಚೂರುಚೂರಾಯಿತು.

ಸಿಸ್ಟರ್ ಡಾಕ್ಟರನ್ನು ಎಳೆದು ಔಷಧಿ ಕೋಣೆಗೆ ನೂಕಿ, ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಆ ಅಣ್ಣ ಸಲೈನ್ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡ್ ಎತ್ತಿ ಅವರ ಬಲಗಿವಿಯ ಮೇಲೆ ಹೊಡೆದ. ಚರ್ಮ ಹರಿದು ರಕ್ತ ಕೊರಳಿಗಿಳಿಯಿತು. ಮಂಡಿಯೂರಿದವರು ಮತ್ತೆ ಎದ್ದು, ಎರಡನೆಯ ಏಟನ್ನು ಕೈಯಲ್ಲೇ ಹಿಡಿದುಕೊಂಡರು.

ಅಷ್ಟರಲ್ಲಿ ಹೆಣದ ಪಕ್ಕ ಕುಳಿತಿದ್ದ ಆ ಹುಡುಗರ ಮುದಿ ಅಪ್ಪ ಎದೆ ಹಿಡಿದುಕೊಂಡು ಉರುಳಿದರು. ಗದ್ದಲ ನಿಂತುಹೋಯಿತು.

"ಇದನ್ನ ಕೆಳಗಿಡು. ನಿಮ್ಮಪ್ಪನ್ನ ಎತ್ತು," ಎಂದರು ಸಿಸ್ಟರ್. ಅವನು ಎತ್ತಿದ. ಮುದುಕರ ಎದೆಗೆ ತಂತಿಗಳನ್ನು ಅಂಟಿಸುತ್ತ ಅವರು ನನ್ನನ್ನು ಕರೆದರು. ರೂಟರ್ ಹೋಗಿದೆ, ನೇರ ಜೋಡಿಸುವಂತಿಲ್ಲ ಎಂದೆ.

"ವಯರ್ ಅದಲಾ? ಸೀದಾ ಕಂಪ್ಯೂಟರಿಗೇ ಹಚ್ಚು. ಕಂಪ್ಯೂಟರ್ ಕೆಟ್ರ ಹೊಸಾದು ಬರ್ತದ."

ಗೋಡೆಯ ಡಬ್ಬಿಯಿಂದ ಬಂದ ತಂತಿಯನ್ನು ಕಂಪ್ಯೂಟರಿಗೆ ಚುಚ್ಚಿದೆ. ಲೈನಿಗೆ ಬೇಕಾದ ನಂಬರುಗಳನ್ನು ಡಬ್ಬಿಯ ಮೇಲೆಯೇ ಬರೆದಿದ್ದರು, ಅವನ್ನು ಕಂಪ್ಯೂಟರಿನಲ್ಲಿ ಒತ್ತಿದೆ. ಇಸಿಜಿ ಹೋಯಿತು. ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಇಂಜೆಕ್ಷನ್ ತಕ್ಷಣ ಕೊಡಿ ಎಂದು ಕಲಬುರಗಿಯಿಂದ ಫೋನ್ ಬಂತು. ನಾನು ಚಿಲಕ ತೆಗೆದಾಗ ಔಷಧಿ ಕೋಣೆಯಿಂದ ಡಾಕ್ಟರು ಒಡೆದ ತುಟಿಯಲ್ಲೇ ಹೊರಬಂದರು. ಇಂಜೆಕ್ಷನ್ ಚುಚ್ಚಿದ್ದು ಸಿಸ್ಟರ್. ಅವರ ಕೊರಳ ತುಂಬ ರಕ್ತವಿತ್ತು, ಕೈ ನಡುಗಲಿಲ್ಲ.

ಮುದುಕರು ಉಳಿದರು. ಪೊಲೀಸರು ಬಂದಾಗ ಸಿಸ್ಟರ್ ಆ ಅಣ್ಣನನ್ನೇ ಬೆರಳು ಮಾಡಿ ತೋರಿಸಿದರು. ಊರ ಹಿರಿಯರು ರಾಜಿ ಮಾಡಿಸಲು ಬಂದರು, ಸಿಸ್ಟರ್ ಒಪ್ಪಲಿಲ್ಲ. ಕೆಲವು ವಾರಗಳ ನಂತರ ಮುದುಕರೇ ಬಂದು ಕೇಸು ಹಿಂತೆಗೆದುಕೊಳ್ಳಿ ಎಂದು ಕೈಮುಗಿದರು. ಸಿಸ್ಟರ್ ಮುದುಕರನ್ನು ಕೂರಿಸಿ, ಬಿಪಿ ನೋಡಿ, ಗುಳಿಗೆ ತಪ್ಪಿಸಬೇಡಿ ಎಂದು ಹೇಳಿ, ಆಮೇಲೆ ಅಂದರು: "ಜೀವ ಉಳಸೂದು ನನ್ನ ಕೆಲಸರಿ. ಹೊಡದದ್ದು ಹೇಳೂದೂ ನನ್ನ ಕೆಲಸನ. ಇಲ್ಲಂದ್ರ ನಾಳಿ ಇನ್ನೊಬ್ಬಾಕಿ ಹೊಡಸ್ಕೋತಾಳ." ನನಗೂ ಸಾಕ್ಷಿ ಹೇಳಲು ಹೇಳಿದರು. ಹೇಳಿದೆ. ಅವನಿಗೆ ಜೈಲಾಯಿತು. ಸಿಸ್ಟರ್ ಅವರ ಬಲಗಿವಿ ಮಾತ್ರ ಮತ್ತೆ ಕೇಳಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಅವರೂರು ಚಿಮ್ಮನಚೋಡದಲ್ಲಿ ಮಣ್ಣು ಮಾಡಿದೆವು. ಜನ ಚದುರುವಾಗ ಕೋಲೂರಿಕೊಂಡು ಆ ಮುದುಕರು ಬಂದರು. ಬಾಗಲಾರದೆ ಬಾಗಿ ಒಂದು ಹಿಡಿ ಮಣ್ಣು ಹಾಕಿದರು. ನಾನು ತೋಳು ಹಿಡಿದು ಎಬ್ಬಿಸುತ್ತ, ಮಗ ಬರಲಿಲ್ಲವೇ ಎಂದು ಕೇಳಿದೆ.

"ಅಂವಗ ಇನ್ನೂ ಸಿಟ್ಟದರಿ," ಎಂದರು. ಕೈಗಂಟಿದ ಮಣ್ಣು ಒರೆಸಿಕೊಂಡು, "ನನಗಿಲ್ಲ," ಎಂದರು.