ಭೈರನಿಗೆ ಕಟ್ಟಿದ ಮುಡಿಪು

ಕುಣಿಗಲ್‌ನಲ್ಲಿ ಸರಸ್ವತಮ್ಮ ಬೀದಿಗಿಳಿದರೆ ಸ್ಕೂಟರುಗಳ ವೇಗ ತಾನಾಗಿಯೇ ಇಳಿಯುತ್ತದೆ. ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು ಅವರು. ಮೀಸೆ ನರೆತ ಗಂಡಸರೂ ಅವರನ್ನು ಕಂಡರೆ ಬಾಯಲ್ಲಿದ್ದ ಎಲೆಅಡಿಕೆ ಉಗಿದು ‘ನಮಸ್ಕಾರ ಮೇಡಂ’ ಅನ್ನುತ್ತಾರೆ. ಹಿಂದೊಮ್ಮೆ ಹುಡುಗಿಯೊಬ್ಬಳ ಚೀಲದಲ್ಲಿ ಶಾಲೆಯ ಸೀಮೆಸುಣ್ಣದ ಚೂರು ಸಿಕ್ಕಿತೆಂದು ಸಂಜೆ ಅವಳ ಮನೆತನಕ ನಡೆದುಹೋಗಿ, ಅವಳ ತಾಯಿ ಕೊಟ್ಟ ಮಜ್ಜಿಗೆಯನ್ನೂ ಮುಟ್ಟದೆ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹೇಳಿ ಬಂದಿದ್ದರು.

ಇಂಥ ಸರಸ್ವತಮ್ಮ ಒಬ್ಬ ಕಳ್ಳನನ್ನು ಹಚ್ಚಿಕೊಂಡುಬಿಟ್ಟರು.

ಯುಗಾದಿಯ ಹೊತ್ತಿಗೆ ಬಚ್ಚಲಲ್ಲಿ ಜಾರಿ ಕಾಲು ಉಳುಕಿ, ತುಮಕೂರಿನಲ್ಲಿ ಮಗ ಗುರುಪ್ರಸಾದನ ಮನೆಯಲ್ಲಿ ಕೆಲವು ವಾರ ಕೂರಬೇಕಾಯಿತು. ಸೊಸೆ ಅಪರ್ಣ ಸಂಜೆ ಆಫೀಸಿನಿಂದ ಬಂದು ಕೈಕಾಲು ತೊಳೆದವಳೇ ಟೀವಿಯಲ್ಲಿ ‘ಬೀಗದ ಭೈರ’ ಧಾರಾವಾಹಿ ಹಾಕುತ್ತಿದ್ದಳು. ಭೈರ ಹಗಲು ಊರವರ ಬೀಗ ರಿಪೇರಿ ಮಾಡುತ್ತಾನೆ, ಇರುಳು ಅದೇ ಊರಿನ ತಿಜೋರಿ ತೆಗೆಯುತ್ತಾನೆ. ಹೆಂಡತಿಗೆ ಸುಳ್ಳು ಹೇಳುತ್ತಾನೆ. ಒಮ್ಮೆಯಂತೂ ಜೊತೆಗಾರ ಮಾದನನ್ನು ಪೊಲೀಸರ ಕೈಗೆ ಬಿಟ್ಟು ತಾನು ಗೋಡೆ ಹಾರಿದ್ದ.

ಮೊದಲ ದಿನ ಸರಸ್ವತಮ್ಮ ಗೋಡೆ ಕಡೆ ತಿರುಗಿ ಜಪಮಣಿ ಹಿಡಿದು ಕೂತರು. ಆದರೆ ತಿಜೋರಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಮಲಗಿದ ಮಗುವಿನ ಉಸಿರು ಕೇಳುವವನಂತೆ ಭೈರ ಕಾಯುವಾಗ ಮನೆಯಲ್ಲೆಲ್ಲ ಒಂದು ಮೌನ ಹಬ್ಬುತ್ತಿತ್ತು. ಆ ಮೌನಕ್ಕೆ ಅವರು ತಿರುಗಿ ನೋಡಿದರು. ಕಥೆಯಲ್ಲಿ ಮಾರನೆಯ ಬೆಳಿಗ್ಗೆ, ತಿಜೋರಿ ತೆಗೆದ ಅದೇ ಬೆರಳುಗಳಲ್ಲಿ ಅವನು ಅಮ್ಮನ ಪಕ್ಕ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದ. ವಾರ ಕಳೆಯುವುದರೊಳಗೆ, ಅಪರ್ಣ ಬರುವುದು ತಡವಾದರೆ ಇವರೇ ಬಾಗಿಲ ಕಡೆ ನೋಡತೊಡಗಿದರು.

ಕುಣಿಗಲ್‌ಗೆ ವಾಪಸಾದ ಮೇಲೆ ಕಷ್ಟ ಶುರುವಾಯಿತು. ಅಲ್ಲಿ ಟೀವಿ ಇರುವುದು ಬೀದಿಗೆ ಕಾಣುವ ನಡುಮನೆಯಲ್ಲಿ. ಪುಣ್ಯಕ್ಕೆ ಗಂಡ ಸುಬ್ಬಕೃಷ್ಣ ಆ ಹೊತ್ತಿಗೆ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತಿದ್ದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ತಪ್ಪು ಮಾಡಿದವನು ಒಳಗೆ, ಮಾಡದವನು ಹೊರಗೆ, ಅಷ್ಟೇ ಅವರ ಪ್ರಪಂಚ. ಅವರು ಗೇಟು ದಾಟಿದ್ದೇ ಸರಸ್ವತಮ್ಮ ಕಿಟಕಿಯ ಪರದೆ ಎಳೆದು, ಟೀವಿಯ ದನಿ ತಗ್ಗಿಸಿ ಕೂರುವರು. ಗೇಟು ಸದ್ದಾದರೆ ಭಜನೆಯ ಚಾನೆಲ್ಲು. ಈ ಗುಟ್ಟು ಗೊತ್ತಿದ್ದವಳು ಹೂ ಮಾರುವ ಹನುಮಕ್ಕ ಒಬ್ಬಳೇ. ಉಳಿದ ಮಲ್ಲಿಗೆ ಕೊಡುವ ನೆಪದಲ್ಲಿ ಬಂದು ಹೊಸ್ತಿಲ ಒಳಗೆ ಕೂತುಬಿಡುವಳು.

ಇಷ್ಟು ವರ್ಷ ಮಕ್ಕಳಿಗೆ ಒಳ್ಳೆಯವರ ಕಥೆಯನ್ನೇ ಹೇಳಿದೆ, ಈಗ ಈ ಕಳ್ಳನಿಗೆ ಕರುಳು ಚುರ್ ಅನ್ನುತ್ತದಲ್ಲ ಎಂದು ಸರಸ್ವತಮ್ಮ ಒಂದು ಸಂಜೆ ಅವಳೆದುರು ಒಪ್ಪಿಕೊಂಡರು.

“ಒಳ್ಳೇವ್ನ ಕತೆ ಏನ್ ನೋಡಾದು ಬುಡಿ ಮೇಡಮ್ಮೋರೆ,” ಅಂದಳು ಹನುಮಕ್ಕ. “ಅವ್ನು ನಾಳೀಕೂ ಒಳ್ಳೇವ್ನೇ ಆಗಿರ್ತಾನೆ. ಇವ್ನು ನಾಳೆ ಏನಾಯ್ತಾನೋ ಇವ್ನಿಗೇ ಗೊತ್ತಿಲ್ಲ.”

ಅದು ನಿಜವಿತ್ತು. ಸರಸ್ವತಮ್ಮ ಜೀವಮಾನದಲ್ಲಿ ಗೆರೆ ದಾಟಿದವರಲ್ಲ. ಭೈರ ದಿನವೂ ದಾಟುತ್ತಿದ್ದ, ದಾಟಿದ ಮೇಲೆ ಒಂದು ಗಳಿಗೆ ನಿಂತು ಹಿಂದಕ್ಕೆ ನೋಡುತ್ತಿದ್ದ. ಆ ನೋಟ ಗೆರೆಯ ಈಚೆ ಕೂತ ತಮ್ಮನ್ನೇ ಹುಡುಕುತ್ತಿದೆ ಎಂದು ಅವರಿಗೆ ಅನ್ನಿಸುತ್ತಿತ್ತು.

ಕೊನೆಯ ಕಂತು ಶುಕ್ರವಾರವಿತ್ತು. ಗುರುವಾರದ ಕಂತು ಮುಗಿದಾಗ ಭೈರ ತಿಜೋರಿಯ ಕೋಣೆಯೊಳಗೆ, ಪೊಲೀಸರು ಸುತ್ತಲೂ. ಸರಸ್ವತಮ್ಮನಿಗೆ ತುತ್ತು ಇಳಿಯಲಿಲ್ಲ. ದೇವರ ಮನೆಗೆ ಹೋಗಿ, ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿದರು. ‘ಅವನು ಸಿಕ್ಕಿಬೀಳದ ಹಾಗೆ ಮಾಡಪ್ಪ, ಬೆಟ್ಟಕ್ಕೇ ಬಂದು ಒಪ್ಪಿಸ್ತೀನಿ’ ಎಂದು ಹರಕೆ ಹೊತ್ತು, ಆ ಮುಡಿಪನ್ನು ದೇವರಾಯನದುರ್ಗದ ನರಸಿಂಹನ ಪಟದ ಹಿಂದೆ ಇಟ್ಟರು. ಬೆಳಗಿನ ಪೂಜೆ ಗಂಡನದು ಎನ್ನುವುದು ಆ ಗಾಬರಿಯಲ್ಲಿ ನೆನಪಾಗಲಿಲ್ಲ.

ಶುಕ್ರವಾರ ಬೆಳಿಗ್ಗೆಯಿಂದ ಸುಬ್ಬಕೃಷ್ಣ ವಿಚಿತ್ರವಾಗಿ ಆಡತೊಡಗಿದರು. ಕಾಫಿ ತಾವೇ ಬೆರೆಸಿ ತಂದರು. ಹೆಂಡತಿಯ ಕೈಯಿಂದ ನೀರಿನ ಬಿಂದಿಗೆ ಕಿತ್ತುಕೊಂಡರು. ಹುಳಿಗೆ ಉಪ್ಪು ಮರೆತಿದ್ದರೂ ಚೆನ್ನಾಗಿದೆ ಅಂದರು. ಮಧ್ಯಾಹ್ನದ ಹೊತ್ತಿಗೆ ತುಮಕೂರಿನಿಂದ ಮಗನ ಕಾರು ಬಂದು ನಿಂತಿತು. ಮೊಮ್ಮಗಳು ಅನನ್ಯ ಅಜ್ಜಿಯನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಸಂಜೆಯಾಯಿತು, ಏಳು ದಾಟಿತು. ಯಾರೂ ಏಳುವ ಲಕ್ಷಣವಿಲ್ಲ. ವಾಕಿಂಗ್ ಹೋಗಲ್ವಾ ಎಂದು ಸರಸ್ವತಮ್ಮ ಗಂಡನನ್ನು ಎರಡು ಸಲ ಕೇಳಿದರು.

ಸುಬ್ಬಕೃಷ್ಣ ಎದ್ದುಹೋಗಿ ಅರಿಶಿನದ ಗಂಟನ್ನು ತಂದು ಎದುರಿಗೆ ಹಿಡಿದರು.

“ಸರಸ್ವತಿ, ಡಾಕ್ಟರು ಏನಂದ್ರು? ಮುಚ್ಚಿಡಬೇಡ.”

ಆ ಮನೆಯಲ್ಲಿ ಅದುವರೆಗೆ ಮುಡಿಪು ಕಟ್ಟಿದ್ದು ಎರಡೇ ಸಲ. ಗುರುಪ್ರಸಾದನಿಗೆ ಎಳವೆಯಲ್ಲಿ ವಿಷಮಜ್ವರ ಬಂದಾಗ ಒಮ್ಮೆ, ಸುಬ್ಬಕೃಷ್ಣರ ಎದೆಗೆ ಆಪರೇಷನ್ ಆದಾಗ ಇನ್ನೊಮ್ಮೆ. ಸರಸ್ವತಮ್ಮನಿಗೆ ಈಗ ಎಲ್ಲ ತಿಳಿಯಿತು. ಭೈರನಾಗಿದ್ದರೆ ಇಲ್ಲಿ ಎಂಥ ಚಂದದ ಸುಳ್ಳು ಹೇಳುತ್ತಿದ್ದ! ಅವರ ನಾಲಿಗೆ ತುದಿಗೂ ಒಂದು ಬಂತು: ಅನನ್ಯಳ ಪರೀಕ್ಷೆಗೆ ಅಂದುಬಿಟ್ಟರೆ ಮುಗಿಯಿತು, ಮೇಡಂನ ಮಾನ ಮೇಡಂಗೇ ಉಳಿಯುತ್ತದೆ. ಆದರೆ ಗಂಡ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದರು.

“ನನಗೇನೂ ಆಗಿಲ್ಲ ಕಣ್ರೀ,” ಅಂದರು. “ಅದು ಭೈರನಿಗೆ ಕಟ್ಟಿದ್ದು.”

“ಯಾವ ಭೈರ?”

ಅಪರ್ಣ ಗಡಿಯಾರ ನೋಡಿದಳು, ಟೀವಿ ನೋಡಿದಳು, ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಗೇಟು ಸದ್ದಾಗಿ ಹನುಮಕ್ಕ ಒಳಗೆ ಕಾಲಿಡುತ್ತಲೇ, “ಸುರುವಾಯ್ತಾ ಮೇಡಮ್ಮೋರೆ?” ಅಂದಳು.

ಸುಬ್ಬಕೃಷ್ಣ ಕುರ್ಚಿಯಲ್ಲಿ ಕುಸಿದು ಕೂತರು. ಬೆಳಿಗ್ಗೆಯಿಂದ ಹಿಡಿದಿಟ್ಟ ಉಸಿರು ಒಂದೇ ಸಲಕ್ಕೆ ಹೊರಬಂತು. ಹೆಂಡತಿಯ ಮೇಲೆ ರೇಗಬೇಕೆಂದು ಬಾಯಿ ತೆರೆದರು, ಆದರೆ ನಗು ಬಂದುಬಿಟ್ಟಿತು. ಆಮೇಲೆ ತಾವೇ ಟೀವಿ ಹಾಕಿದರು, ದನಿ ದೊಡ್ಡದು ಮಾಡಿದರು. ಆ ಮನೆಯಲ್ಲಿ ಭೈರ ಮೊದಲ ಸಲ ಬಾಯಿಬಿಟ್ಟು ಮಾತಾಡಿದ.

ಪೊಲೀಸರು ಬಾಗಿಲು ಒಡೆದಾಗ ಕೋಣೆ ಖಾಲಿಯಿತ್ತು. ಭೈರ ಚರಂಡಿಯ ದಾರಿಯಿಂದ ಆಚೆ ಬಿದ್ದಿದ್ದ. ಅವನ ಮುಂದೆ ಬಯಲು, ಬಯಲಿನಾಚೆ ಹೆದ್ದಾರಿ. ಸರಸ್ವತಮ್ಮ ಓಡು ಓಡು ಎಂದು ಗಟ್ಟಿಯಾಗಿಯೇ ಅಂದರು. ಅವನು ಓಡಲಿಲ್ಲ. ಮೈಯೆಲ್ಲ ಕೆಸರು ಮೆತ್ತಿಕೊಂಡೇ ನಡೆದುಹೋಗಿ ಠಾಣೆಯ ಬಾಗಿಲು ತಟ್ಟಿ, ಒಳಗಿರುವ ಮಾದನ ಬದಲು ತನ್ನನ್ನು ಕೂರಿಸಿಕೊಳ್ಳಿ ಅಂದ.

ಹನುಮಕ್ಕ ಮೂಗು ಒರೆಸಿಕೊಂಡಳು. ಕಾನೂನೇ ಗೆದ್ದಿತು, ಹರಕೆ ರದ್ದಾಯಿತು ಎಂದು ಸುಬ್ಬಕೃಷ್ಣ ತೀರ್ಪು ಕೊಟ್ಟರು. ಅವನು ಸಿಕ್ಕಿಬೀಳಲಿಲ್ಲ, ತಾನಾಗಿ ಹೋದ, ನಾನು ಕೇಳಿಕೊಂಡದ್ದು ನಡೆದಿದೆ ಎಂದು ಸರಸ್ವತಮ್ಮ ಪಟ್ಟು ಹಿಡಿದರು. ಮಾಜಿ ಶಿರಸ್ತೇದಾರರು ಎದ್ದುಹೋಗಿ ಮುಡಿಪನ್ನು ಮತ್ತೆ ಪಟದ ಹಿಂದೆ ಇಟ್ಟು ಬಂದರು.

ಭಾನುವಾರ ಎಲ್ಲರೂ ದೇವರಾಯನದುರ್ಗಕ್ಕೆ ಹೋದರು. ಅರ್ಚಕರು ಮುಡಿಪು ತೆಗೆದುಕೊಂಡು ಯಾರ ಹೆಸರಿಗೆ ಅರ್ಚನೆ ಎಂದು ಕೇಳಿದರು. ಸರಸ್ವತಮ್ಮ ತಗ್ಗಿದ ದನಿಯಲ್ಲಿ ಭೈರ ಅಂದರು. ಗೋತ್ರ ಕೇಳಿದಾಗ ಅಪರ್ಣಳ ಮುಖ ನೋಡಿದರು.

“ಗೊತ್ತಿಲ್ದಿದ್ರೆ ಪರವಾಗಿಲ್ಲ ತಾಯಿ, ಕಾಶ್ಯಪ ಅಂತ ಸೇರಿಸ್ತೀನಿ,” ಅಂದರು ಅರ್ಚಕರು.

“ಬೇಡ,” ಎಂದು ಹಿಂದಿನಿಂದ ಸುಬ್ಬಕೃಷ್ಣರ ದನಿ ಬಂತು. “ನಮ್ಮದೇ ಹೇಳಿ. ಭಾರದ್ವಾಜ.”

ಸರಸ್ವತಮ್ಮ ತಿರುಗಲಿಲ್ಲ. ತಿರುಗಿದ್ದರೆ ಗರ್ಭಗುಡಿಯ ಮುಂದೆ ನಕ್ಕುಬಿಡುತ್ತಿದ್ದರು. ಹುಡುಗನಿಗೆ ಏನಾಗಬೇಕೆಂದು ಸಂಕಲ್ಪ ಮಾಡಲಿ ಎಂದು ಅರ್ಚಕರು ಮತ್ತೆ ಕೇಳಿದರು. ಸುಬ್ಬಕೃಷ್ಣ ಮುಂದೆ ಬಂದು, ಅಕ್ಕಪಕ್ಕ ನೋಡಿ, ಅರ್ಚಕರ ಕಿವಿಯ ಹತ್ತಿರ ಬಗ್ಗಿದರು.

“ಬೇಗ ಜಾಮೀನು ಸಿಗ್ಲಿ ಅಂತ.”